ತೋಳಿನ ಬಳೆ ತೆಗೆಸದೆ ಬಿಪಿ ನೋಡಿದ್ದು

ಆಗ ನಾನು ವೈಟ್‌ಫೀಲ್ಡ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ನಲವತ್ತರ ಹತ್ತಿರ ಬಂದವಳನ್ನು ಹಿಡಿದು ಮತ್ತೆ ಪರೀಕ್ಷೆ ಬರಿ ಎಂದರೆ ಯಾರಿಗೆ ಖುಷಿಯಾಗುತ್ತದೆ ಹೇಳಿ. ಆದರೆ ನರ್ಸ್ ನೋಂದಣಿ ನವೀಕರಿಸಬೇಕಾದರೆ ಇಂತಿಷ್ಟು ಗಂಟೆ ಹೊಸದಾಗಿ ಕಲಿತಿರಬೇಕಿತ್ತು. ನಮ್ಮ ಡಾಕ್ಟರಮ್ಮ ನನ್ನನ್ನು ಒಂದು ಆನ್‌ಲೈನ್ ಕೋರ್ಸಿಗೆ ಸೇರಿಸಿಯೇಬಿಟ್ಟರು. ಮಧ್ಯಾಹ್ನ ಜನ ಕಡಿಮೆಯಾದಾಗ ರಿಸೆಪ್ಷನ್ ಕಂಪ್ಯೂಟರಿನ ಮುಂದೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಗಾಯದ ಆರೈಕೆ, ಸಕ್ಕರೆ ಕಾಯಿಲೆ, ಯೋಗ, ನಿದ್ದೆ ಎಲ್ಲ ಸಲೀಸಾಗಿ ಮುಗಿದವು. ಕೊನೆಯ ಪಾಠದಲ್ಲಿ ಸಿಕ್ಕಿಬಿದ್ದೆ.

ಅದು ಕೆನಡಾದ ಮೂಲನಿವಾಸಿಗಳ ಆಚಾರ-ನಂಬಿಕೆಗಳ ಬಗ್ಗೆ. ವೈಟ್‌ಫೀಲ್ಡಿನಲ್ಲಿ ಇಂಜೆಕ್ಷನ್ ಚುಚ್ಚುವವಳಿಗೆ ಇದೆಲ್ಲ ಯಾಕೆ ಎಂದು ಗೊಣಗಿಕೊಂಡೇ ಪ್ರಶ್ನೆಗೆ ಬಂದೆ. ರೋಗಿ ಮೈಮೇಲೆ ಏನನ್ನೋ ಧರಿಸಿದ್ದಾನೆ, ಅದು ಚಿಕಿತ್ಸೆಗೆ ಅಡ್ಡ ಬರುತ್ತಿದೆ, ಮೊದಲು ಏನು ಮಾಡುತ್ತೀರಿ? ‘ಕಾರಣ ವಿವರಿಸಿ ತೆಗೆಸುತ್ತೇನೆ’ ಎಂಬುದನ್ನು ಒತ್ತಿದೆ. ತಪ್ಪು ಎಂದಿತು. ಕಂಪ್ಯೂಟರಿಗೇ ಏನೋ ಆಗಿದೆ ಎಂದುಕೊಂಡು ಮತ್ತೆ ಅದನ್ನೇ ಒತ್ತಿದೆ. ಮತ್ತೆ ತಪ್ಪು.

ಆಮೇಲೆ ಒಂದು ವಿಡಿಯೊ ತೆರೆದುಕೊಂಡಿತು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಒಬ್ಬ ಮುದುಕನ ಜಡೆಯನ್ನು ಸ್ನಾನಕ್ಕೆ ಅನುಕೂಲವಾಗಲಿ ಎಂದು ನರ್ಸ್ ಕತ್ತರಿಸಿದಳಂತೆ. ಅವರಲ್ಲಿ ಮನೆಯವರು ಸತ್ತಾಗ ಮಾತ್ರ ಕೂದಲು ಕತ್ತರಿಸುವುದಂತೆ. ಎಚ್ಚರವಾದ ಮುದುಕ ತನ್ನವರು ಯಾರು ಸತ್ತರು ಎಂದು ಕೇಳುತ್ತಲೇ ಇದ್ದನಂತೆ. ಮೊದಲು ಮಾಡಬೇಕಿದ್ದದ್ದು ಇಷ್ಟೇ: ಇದು ನಿಮಗೆ ಏನು ಎಂದು ಕೇಳುವುದು.

ಇಯರ್‌ಫೋನ್ ಕಿತ್ತಿಟ್ಟೆ. ಎರಡು ದಿನದ ಹಿಂದಷ್ಟೇ ಒಬ್ಬ ಬಸುರಿ ನನ್ನ ಮುಂದಿನ ಸ್ಟೂಲಿನಿಂದ ಎದ್ದು ಹೋಗಿದ್ದಳು. ವಿಜಯಪುರ ಕಡೆಯ ಲಂಬಾಣಿ ಹುಡುಗಿ, ಬ್ರೂಕ್‌ಫೀಲ್ಡಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸದವಳು. ಒಂಬತ್ತನೇ ತಿಂಗಳು, ಕಾಲು ಊದಿತ್ತು, ತಲೆ ಸಿಡಿಯುತ್ತಿದೆ ಎಂದಿದ್ದಳು. ಮೊಣಕೈ ಮೇಲೆ ಎರಡೂ ತೋಳು ತುಂಬ ಬಿಳಿ ಬಳೆ, ಬಿಪಿ ಪಟ್ಟಿ ಕಟ್ಟಲು ಜಾಗವೇ ಇಲ್ಲ. ತೆಗಿ ಎಂದೆ. ಬ್ಯಾಡ್ರಿ ಎಂದಳು. ಹಿಂದೆ ಕ್ಯೂ ಬೆಳೆದಿತ್ತು, ನನಗೆ ರೇಗಿತು.

“ತೆಗೀಮ್ಮಾ, ನಿನ್ ಬಳೆ ನಾನೇನ್ ಹೊತ್ಕೊಂಡ್ ಹೋಗಲ್ಲ.”

ಅವಳು ಎದ್ದು ಹೋದಳು. ನಾನು ಮುಂದಿನವರನ್ನು ಕರೆದೆ. ಆ ಊತ, ಆ ತಲೆನೋವು, ಎರಡೂ ಸೇರಿದರೆ ಬಿಪಿ ಏರಿ ಫಿಟ್ಸ್ ಬಂದು ತಾಯಿ-ಮಗು ಇಬ್ಬರೂ ಹೋಗಬಹುದು ಎಂಬುದು ನರ್ಸಿಂಗ್ ಮೊದಲ ವರ್ಷದವರಿಗೂ ಗೊತ್ತು. ಗೊತ್ತಿದ್ದೂ ಕಳಿಸಿದ್ದೆ.

ಪರೀಕ್ಷೆ ಅರ್ಧಕ್ಕೇ ಬಿಟ್ಟು ಡಾಕ್ಟರಮ್ಮನ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ತೋಳು ಸಿಗದಿದ್ದರೆ ಮೊಣಕೈ ಕೆಳಗೆ ಕಟ್ಟಬಹುದು, ಅಂಕಿ ಸ್ವಲ್ಪ ಹೆಚ್ಚು ತೋರಿಸುತ್ತದೆ ಅಷ್ಟೇ, ಹೋಗಿ ಹುಡುಕು ಎಂದರು. ಬಿಪಿ ಡಬ್ಬಿ ಎತ್ತಿಕೊಂಡು ಆಟೊ ಹತ್ತಿದೆ.

ಬ್ರೂಕ್‌ಫೀಲ್ಡಿನ ಆ ಕಟ್ಟಡದ ಹಿಂದೆ ಸಾಲಾಗಿ ತಗಡಿನ ಶೆಡ್ಡುಗಳು. ಕೇಳಿಕೊಂಡು ಹೋದರೆ ಹುಡುಗಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ನನ್ನ ಬಿಳಿ ಕೋಟು ನೋಡಿಯೇ ಮುಖ ಗಂಟಿಕ್ಕಿದಳು. ತಪ್ಪಾಯಿತು, ಆ ಬಳೆ ನಿಮಗೆ ಏನು ಎಂದು ಅವತ್ತು ಕೇಳಲೇ ಇಲ್ಲ, ಈಗ ಕೇಳುತ್ತಿದ್ದೇನೆ ಎಂದೆ.

“ಗಂಡ ಸತ್ರ ಅಷ್ಟ ತೆಗಿತೀವ್ರಿ ಅವನ್ನ,” ಎಂದಳು. “ನನ್ನ ಮಗ ಅಲ್ಲಿ ಆರನೇ ಮಹಡಿ ಮ್ಯಾಲ ನಿಂತು ಪ್ಲಾಸ್ಟರ್ ಮಾಡ್ತಾನ. ನೀವು ತೆಗಿ ಅಂದ್ರಿ.”

ತಲೆ ತಗ್ಗಿಸಿದೆ. ಬಳೆ ಮುಟ್ಟುವುದಿಲ್ಲ, ಮೊಣಕೈ ಕೆಳಗೆ ಕಟ್ಟುತ್ತೇನೆ ಎಂದು ತೋರಿಸಿದೆ. ಮುದುಕಿ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದನ್ನ ಈಗ ಎಲ್ಲಿ ಕಲ್ತು ಬಂದ್ರಿ?”

“ಕಂಪ್ಯೂಟರ್‌ನಲ್ಲಿ ಪಾಠ ಬಂತಮ್ಮ. ದೂರದ ದೇಶದ್ದು.”

“ನನ್ನ ಕೇಳಿದ್ರ ಪುಕ್ಕಟೆ ಹೇಳ್ತಿದ್ದೆ,” ಎಂದು ದಾರಿ ಬಿಟ್ಟಳು.

ಒಳಗೆ ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಬೆಳಕು ಕಂಡರೆ ಕಣ್ಣು ಕುಕ್ಕುತ್ತದೆ ಎಂದಳು. ಪಟ್ಟಿ ಕಟ್ಟಿ, ನಾಡಿ ಹಿಡಿದು ಪಂಪ್ ಒತ್ತಿದೆ. ಪಾದರಸ ನೂರೆಂಬತ್ತರ ಹತ್ತಿರ ನಿಂತಿತು. ಸ್ವಲ್ಪ ಹೆಚ್ಚು ತೋರಿಸಿದೆ ಎಂದು ಎಷ್ಟು ಕಳೆದರೂ ಅದು ಸುಮ್ಮನಿರುವ ಅಂಕಿಯಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ದೊಡ್ಡಾಸ್ಪತ್ರೆಗೆ ಹೇಳಿ ಆಂಬುಲೆನ್ಸ್ ಕಳಿಸಿದರು. ಅತ್ತೆಯೂ ನಾನೂ ಜೊತೆಗೆ ಹತ್ತಿದೆವು.

ವಾರ್ಡಿನಲ್ಲಿ ಅಲ್ಲಿನ ಸಿಸ್ಟರ್ ಮೊದಲು ಹೇಳಿದ್ದೇ ಬಳೆ ತೆಗೆಸಿ ಎಂದು. ನಾನು ಬಾಯಿ ತೆರೆಯುವ ಮೊದಲೇ ಮುದುಕಿ ಮುಂದೆ ಬಂದಳು.

“ಕೆಳಗ ಕಟ್ಟಬೇಕ್ರಿ. ನಮ್ಮ ಸಿಸ್ಟರ್‌ನ ಕೇಳ್ರಿ, ಓದ್ಯಾರ ಅವ್ರು.”

ಎರಡು ದಿನದ ಹಿಂದೆ ನನ್ನನ್ನು ಶಪಿಸಿರಬಹುದಾದ ಬಾಯಿಯಲ್ಲಿ ನಾನು ‘ನಮ್ಮ ಸಿಸ್ಟರ್’. ಆ ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ಅಳೆದಳು. ನಾನೂ ನರ್ಸೇ ಎಂದು ಹೇಳಿ, ಕಟ್ಟುವ ಜಾಗ ತೋರಿಸಿದೆ. ಕಟ್ಟಿದಳು, ಅಂಕಿ ನೋಡಿದಳು, ಡ್ಯೂಟಿ ಡಾಕ್ಟರನ್ನು ಕರೆಯಲು ಓಡಿದಳು. ಇಂಜೆಕ್ಷನ್ ಬಿತ್ತು, ಫಿಟ್ಸ್ ಬರಲಿಲ್ಲ, ಬಿಪಿ ಇಳಿಯಿತು, ಹೆರಿಗೆ ನೋವು ಬರಿಸಿದರು.

ಮರುದಿನ ಬೆಳಿಗ್ಗೆ ಹೆಣ್ಣು ಮಗು. ಸಣ್ಣದು, ಆದರೆ ಗಂಟಲು ಮಾತ್ರ ಇಡೀ ವಾರ್ಡಿಗೆ ಕೇಳುವಂಥದ್ದು. ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಓಡಿಬಂದ ಮಗನನ್ನು ಮುದುಕಿ ಬಾಗಿಲಲ್ಲೇ ತಡೆದು, ಮೊದಲು ಕೈ ತೊಳೆದು ಬಾ ಎಂದು ಅಟ್ಟಿದಳು. ಹುಡುಗಿ ತೋಳು ತುಂಬ ಬಳೆಯ ಕೈಯಲ್ಲಿ ಮಗುವನ್ನು ಒತ್ತಿ ಹಿಡಿದು ನನ್ನ ಕಡೆ ನೋಡಿದಳು, ನಕ್ಕಳು. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಾವು ನಾಲ್ವರೂ ಹೆಂಗಸರು ಗೆದ್ದಿದ್ದೆವು, ಆ ಕಿರುಚುತ್ತಿದ್ದ ಪುಟ್ಟವಳನ್ನೂ ಸೇರಿಸಿ.