ಅಡ್ಡ ಬಂದ ಅಡ್ಡಹೆಸರು

ನಮ್ಮ ಸೀಮೆಯಲ್ಲಿ ಮನುಷ್ಯನ ಸ್ವಂತ ಹೆಸರು ನಾಮಕರಣದ ದಿನ ಬಿಟ್ಟರೆ ಮತ್ತೆ ಉಪಯೋಗಕ್ಕೆ ಬರುವುದು ಅಪರೂಪ. ಆಮೇಲಿನ ಆಯುಷ್ಯವೆಲ್ಲ ಅಡ್ಡಹೆಸರಿನ, ಎಂದರೆ ಮನೆತನದ ಹೆಸರಿನ, ಪಾಲು. ನನ್ನದು ಮೆಣಸಿನಕಾಯಿ. ಹೈದರಾಬಾದಿನ ಕಚೇರಿಯ ತೆಲುಗು ಮಿತ್ರರು ಅದನ್ನೂ ಭಾಷಾಂತರಿಸಿ ‘ಮಿರಪಕಾಯ ಗಾರು’ ಎನ್ನುತ್ತಾರೆ. ಸಂಗಪ್ಪ ಎಂಬ ನಾಮಧೇಯವೊಂದು ನನಗುಂಟೆಂಬುದು ನನಗೇ ಮರೆತಂತಾಗಿತ್ತು.

ಇಂಥವನ ಕೈಗೆ ಕಚೇರಿಯ ಮೇಲ್ ಸರ್ವರ್ ಬಂತು. ಪತ್ರ ಬರೆಯುವವರು ಎರಡಕ್ಷರ ಒತ್ತಿದೊಡನೆ ಅದು ನೌಕರರ ಪಟ್ಟಿಯಲ್ಲಿ ಹುಡುಕಿ ವಿಳಾಸವನ್ನು ತಾನೇ ತುಂಬಬೇಕು. ಆದರೆ ಹೆಸರಿನ ಯಾವ ತುಂಡಿನಲ್ಲಿ ಹುಡುಕಬೇಕೆಂದು ನಾವು ಮೊದಲೇ ಹೇಳಿಡಬೇಕು. ನಮ್ಮ ಅಡ್ಡಹೆಸರು ಕೂರುವ ಕೊನೆಯ ತುಂಡಿನಲ್ಲಿ ಹುಡುಕಪ್ಪಾ ಎಂದೆ. ನೀವೇ ಹೇಳಿ, ಜನ ನನ್ನನ್ನು ಕರೆಯುವುದು ಅದರಿಂದಲೇ ಅಲ್ಲವೇ? ಮನೆತನದ ಹೆಸರನ್ನು ಮುಂದಿಟ್ಟು ಸ್ವಂತ ಹೆಸರನ್ನು ಕೊನೆಗಿಡುವ ತೆಲುಗರಿಗೆ ಈ ಏರ್ಪಾಡು ಹಾಲು ಸಕ್ಕರೆಯಾಯಿತು. ಕಳೆದುಹೋದವರು ನಾವು ನಾಲ್ಕೈದು ಕನ್ನಡಿಗರು. ದೀಪದ ಬುಡದಲ್ಲಿ ಕತ್ತಲೆ!

ಟಪಾಲು ವಿಭಾಗದ ಗಂಗವ್ವ ಉಳ್ಳಾಗಡ್ಡಿ, ಅಂದರೆ ಈರುಳ್ಳಿ ಮನೆತನದಾಕೆ, ಮಂಡಿನೋವಿನಿಂದ ಮೂರು ಮಹಡಿ ಹತ್ತಲಾರದೆ, ನೆಲಮಹಡಿಯ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿ ವರ್ಷವಾಗಿತ್ತು. ವಸತಿ ಅಧಿಕಾರಿ ಮಂಜೂರಾತಿ ಬರೆದು ‘ಗಂಗ’ ಎಂದು ಒತ್ತಿದರೆ, ನನ್ನ ಸರ್ವರ್ ಸಿಕಂದರಾಬಾದ್ ಶಾಖೆಯ ಗಂಗಾಧರ್ ಅವರನ್ನು ಎತ್ತಿಕೊಟ್ಟಿತು. ಅಧಿಕಾರಿ ನೋಡದೆ ಕಳಿಸಿಬಿಟ್ಟರು. ಒಪ್ಪಿಗೆ ತಿಳಿಸುವ ಗಡುವಿನ ಕೊನೆಯ ದಿನ ಗಂಗಾಧರ್ ಮೇಲ್ ನೋಡಿಕೊಳ್ಳುವ ನನಗೆ ಫೋನು ಮಾಡಿ, ಮಿಯಾಪುರದಲ್ಲಿ ಸ್ವಂತ ಮನೆಯಿರುವ ತಮಗೆ ಈ ಕ್ವಾರ್ಟರ್ಸ್ ಯಾಕೆಂದು ವಿನಯದಿಂದ ವಿಚಾರಿಸಿದರು.

ಗಂಗವ್ವನ ಮೇಜಿಗೆ ಓಡಿ, ತಪ್ಪೊಪ್ಪಿಕೊಂಡು, ಆಕೆಯಿಂದ ಒಪ್ಪಿಗೆ ಬರೆಸಿ, ಕಚೇರಿ ಮುಚ್ಚುವ ಮೊದಲು ನಾನೇ ವಸತಿ ಅಧಿಕಾರಿಗೆ ಒಯ್ದು ಕೊಟ್ಟೆ. ಮರಳಿ ಬಂದು ಗಂಗವ್ವನ ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನಿಗೆ ಆಕೆ ಹೇಳಿದ್ದಿಷ್ಟು: “ಇರ್ಲಿ ಬಿಡ್ರಿ ಮೆಣಸಿನಕಾಯಿಯವ್ರ. ಉಳ್ಳಾಗಡ್ಡಿ ಅಂದ್ರ ಈ ಊರಾಗ ಎಲ್ಲಾರೂ ನಗತಾರ. ಆ ಹೆಸರ್ಲೆ ಹುಡಕ್ರಿ ಅಂದವ್ರು ನೀವೊಬ್ರ. ಅಲ್ರೀ, ನಿಮ್ಮ ಸ್ವಂತ ಹೆಸರೇನು?” ಹೇಳುವಾಗ ನಾನು ಮದುಮಗನಂತೆ ನಾಚಿದೆ.

ಅಂದೇ ಸರ್ವರ್‌ಗೆ ಹೆಸರಿನ ಎಲ್ಲ ತುಂಡುಗಳಲ್ಲೂ ಹುಡುಕಲು ಕಲಿಸಿದೆ. ವಾರ ಕಳೆದು ಒಂದು ಪತ್ರ ಬಂತು: “ಸಂಗಪ್ಪಣ್ಣ, ‘ಸಂಗ’ ಅಂತ ಒತ್ತಿದೆ, ನೀವ ಬಂದ್ರಿ. ನಾಳೆ ಹೊಸಾ ಮನ್ಯಾಗ ಹಾಲು ಉಕ್ಕಸ್ತೀವಿ, ಊಟಕ್ಕ ಬರ್ರಿ. ಒಂದೂ ಮೆಟ್ಲ ಇಲ್ಲ.”

ನಾಮಕರಣದ ನಂತರ ನನ್ನ ಹೆಸರು ಇಷ್ಟು ಚೆಂದವಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಓದುತ್ತ ಕಣ್ಣು ತೇವವಾಯಿತು. ಬರೆದವರು ಉಳ್ಳಾಗಡ್ಡಿಯಾದ ಮೇಲೆ ಅಷ್ಟಾದರೂ ಆಗಬೇಡವೇ!