ಎರಡು ಗಂಟಿನ ಹಗ್ಗ

ನಮ್ಮ ಮಾವ ನನ್ನನ್ನು ಸೊಸೆಯಾಗಿ ಒಪ್ಪಿಕೊಂಡದ್ದು ಬಸವಕಲ್ಯಾಣದ ನನ್ನ ತವರಿನಲ್ಲಿ, ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ. ಹುಡುಗಿ ಎತ್ತರವೋ ಕುಳ್ಳೋ, ಕಪ್ಪೋ ಬಿಳುಪೋ ಎಂದು ತಲೆಯೆತ್ತಿ ಕೂಡ ನೋಡಲಿಲ್ಲ. ಅದೇ ಮನುಷ್ಯ ಒಂದು ಎತ್ತಿಗಾಗಿ ಬೇಸಿಗೆಯಿಡೀ ಊರೂರು ಅಲೆದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಘಾಟಬೋರಾಳದ ನಮ್ಮ ಮನೆಯಲ್ಲಿ ದೇವಣಿ ತಳಿಯ ಒಂದು ಜೋಡಿ ಇತ್ತು. ಬಿಳಿ ಮೈ, ಮುಖದ ಎರಡೂ ಬದಿಗೆ ಕರಿ, ಜೋತುಬಿದ್ದ ಉದ್ದನೆಯ ಕಿವಿ, ನಡೆದರೆ ಅತ್ತಿತ್ತ ತೂಗಾಡುವ ಗಂಗೆದೊಗಲು. ಚಳಿಗಾಲದ ಕೊನೆಗೆ ಅವುಗಳಲ್ಲಿ ಒಂದು ಹೊಟ್ಟೆಯುಬ್ಬರ ಬಂದು ಸತ್ತಿತು. ಉಳಿದದ್ದು ಗೋದಲಿಯಲ್ಲಿ ಹಾಕಿದ ಜೋಳದ ಕಣಕಿಯನ್ನು ಮೂಸಿ ಬಿಟ್ಟುಬಿಡುತ್ತಿತ್ತು. ಪಕ್ಕದ ಖಾಲಿ ಗೂಟದ ಕಡೆ ಮುಖ ಮಾಡಿ ನಿಲ್ಲುತ್ತಿತ್ತು.

ನನ್ನ ಗಂಡ ಕೆಟ್ಟವರಲ್ಲ, ಆದರೆ ಮಾತು ಮಾತ್ರ ಕೊಡಲಿಯೇಟು. "ಒಂಟೆತ್ತು ಕಟಗೊಂಡು ಏನ್ ಮಾಡ್ತೀ ಅಪ್ಪಾ? ಬಿತ್ತಿಗಿ ತನಕ ಜೋಡಿ ಸಿಕ್ಕರ ಸಿಕ್ತು. ಇಲ್ಲಂದ್ರ ಇದನ್ನೂ ಕೊಟ್ಟಬಿಡೋಣು, ಟ್ರ್ಯಾಕ್ಟರ್ ಅದ." ಯಾರಿಗೆ ಕೊಡುವುದು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ವಯಸ್ಸಾಗುತ್ತಿರುವ ಒಂಟಿ ಎತ್ತನ್ನು ಯಾರು ಒಯ್ಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಾರನೆಯ ದಿನ ಮಾವ ಪುಂಡಿನಾರಿನ ಒಂದು ಹಗ್ಗ ಹೊಸೆದು ನನ್ನನ್ನು ಕೊಟ್ಟಿಗೆಗೆ ಕರೆದರು. ನಾನು ಹಗ್ಗದ ತುದಿಯನ್ನು ಮುಂಗಾಲಿನ ಗೊರಸಿಗೆ ಒತ್ತಿ ಹಿಡಿದೆ. ಅವರು ಅದನ್ನು ಬೆನ್ನ ಮೇಲಿನ ಹಿಣಿಲಿನ ನೆತ್ತಿಯವರೆಗೆ ಎಳೆದು ಒಂದು ಗಂಟು ಹಾಕಿದರು. ಆಮೇಲೆ ಎದೆಯ ಸುತ್ತ ಸುತ್ತಿ ಇನ್ನೊಂದು ಗಂಟು. ಎತ್ತು ಕಿವಿ ಕೂಡ ಅಲ್ಲಾಡಿಸದೆ ನಿಂತಿತ್ತು.

"ಎದಿ ಹೆಚ್ಚುಕಡಿಮಿ ಆದ್ರ ನಡೀತದ, ಮೇವು ತಿಂದ್ರ ತುಂಬತದ," ಎಂದರು. "ಎತ್ತರ ತಪ್ಪಬಾರದವ್ವಾ. ಹೋದದ್ದು ಇದಕ್ಕ ಬರಾಬರ್ ಇತ್ತು. ಒಂದ್ ಕೂದಲಷ್ಟು ಫರಕ್ ಇದ್ದಿಲ್ಲ."

ಆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹುಮನಾಬಾದಿನ ದನದ ಬಜಾರಿಗೆ ಹೋದರು, ಬರಿಗೈಯಲ್ಲಿ ಬಂದರು. ಹಳ್ಳಿಖೇಡಕ್ಕೆ ಹೋದರು. ನನ್ನ ತವರಿನ ಕಡೆಗೂ ಹೋಗಿ, ಬೀಗರ ಮನೆಯಲ್ಲಿ ಊಟ ಮಾಡಿ, ಬೀಗರ ಎತ್ತನ್ನೇ ಹಳಿದು ಬಂದರು. ಒಂದರ ಕೋಡು ಹಿಂದಕ್ಕೆ ಬಾಗಿತ್ತಂತೆ, ಇನ್ನೊಂದರ ಕಿವಿ ಗಿಡ್ಡವಂತೆ, ಮತ್ತೊಂದರ ಹಣೆ ಅಗಲ ಸಾಲದಂತೆ.

"ಎತ್ತು ತರಾಕ ಹೊಂಟಾರೋ, ದೇವರ್ನ ಹುಡಕಾಕ ಹೊಂಟಾರೋ," ಎಂದು ಅತ್ತೆ ರೊಟ್ಟಿ ತಟ್ಟುತ್ತಲೇ ಗೊಣಗಿದರು.

ಮನೆಯಲ್ಲಿದ್ದ ಎತ್ತಿನ ಪಕ್ಕೆಲುಬು ಕಾಣತೊಡಗಿತು. ನಾನು ರೊಟ್ಟಿಗೆ ಬೆಲ್ಲ ಸವರಿ ಬಾಯಿಗೆ ಹಿಡಿಯುತ್ತಿದ್ದೆ. ನನ್ನ ಮನಸ್ಸು ನೋಯಬಾರದೆಂದೇನೋ ಒಂದು ತುಣುಕು ತಿನ್ನುತ್ತಿತ್ತು. ಅದರ ಮೇಲೆ ನನಗೆ ಎಷ್ಟು ಮಮತೆ ಇತ್ತೆಂಬುದು ಆಗಲೇ ತಿಳಿದದ್ದು.

ಮುಂಗಾರು ಶುರುವಾದ ಮೇಲೆ ಹುಡಗಿ ಎಂಬ ಊರಿನಲ್ಲಿ ಒಂದು ಎತ್ತಿದೆ ಎಂದು ಸುದ್ದಿ ಬಂತು. ಮಾವ ಮಳೆಯಲ್ಲೇ ಹೋದರು. ಸಂಜೆ ಪಿಕಪ್ ಗಾಡಿಯಲ್ಲಿ ಎತ್ತನ್ನು ತಂದು ಇಳಿಸಿದಾಗ ಅವರ ಮುಖ ಅರಳಿತ್ತು. "ಎರಡೂ ಗಂಟಿಗಿ ಬರಾಬರ್ ಕೂತದ," ಎಂದರು. ಹೊಸದನ್ನು ಒಯ್ದು ಹಳೆಯದರ ಪಕ್ಕ ನಿಲ್ಲಿಸಿದೆವು. ನಾಲ್ಕು ಬೆರಳು ಗಿಡ್ಡ.

ಗಂಡ ನಕ್ಕುಬಿಟ್ಟರು. ಮಾವ ಹೆಗಲ ಮೇಲಿನ ಹಗ್ಗ ಮುಟ್ಟಿ ನೋಡಿದರು. ತೊಯ್ದು ತೊಪ್ಪೆಯಾಗಿತ್ತು. ನೆನೆದ ನಾರು ಗಿಡ್ಡಾಗುತ್ತದೆ ಎಂಬುದು, ಹುಟ್ಟಿನಿಂದ ಹಗ್ಗ ಹೊಸೆದ ಮನುಷ್ಯನಿಗೆ ಎತ್ತಿನ ಮುಂದೆ ನಿಂತಾಗ ನೆನಪಾಗಿರಲಿಲ್ಲ. ಕಟ್ಟೆಯ ಮೇಲೆ ಕುಸಿದು ಕುಳಿತರು.

"ನಾಳಿ ವಾಪಸ್ ಬಿಟ್ಟು ಬರ್ತೀನಿ," ಎಂದರು. "ಅದಕ್ಕ ಜೋಡಿ ಆಗೂವಂಥದ್ದು ಈ ಭೂಮಿ ಮ್ಯಾಲ ಇಲ್ಲ."

ಬಿತ್ತನೆ ಎದುರಿಗೇ ಇತ್ತು. ಇದು ವಾಪಸ್ ಹೋದರೆ ನಮ್ಮದೂ ಹೋಗುವುದೇ. ನಾನು ಗಂಡನ ಮುಖ ನೋಡಿದೆ. ಅವರು ನಗುವುದನ್ನು ನಿಲ್ಲಿಸಿದ್ದರು.

ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ನೇರ ಕೊಟ್ಟಿಗೆಗೆ ಹೋಗಿ, ಎತ್ತು ಸತ್ತ ದಿನದಿಂದ ಮಾವ ಯಾರಿಗೂ ಮುಟ್ಟಗೊಡದೆ ಅಟ್ಟಕ್ಕೆ ಹಾಕಿದ್ದ ನೊಗವನ್ನು ಎಳೆದು ತಂದರು. ಅದನ್ನು ಮಾವನ ಕಾಲ ಬಳಿ ಇಟ್ಟರು. ನೊಗದ ಒಂದು ಬದಿಗೆ, ಕೊರಳಿನ ಮೇಲೆ ಕೂರುವ ಜಾಗದಲ್ಲಿ, ದಪ್ಪಗೆ ಮಡಚಿದ ಗೋಣಿಪಟ್ಟಿ ಕಟ್ಟಿತ್ತು. ಬೆವರು ಕುಡಿದು ಕುಡಿದು ಅದು ಕಪ್ಪಾಗಿ ಕಟ್ಟಿಗೆಯಷ್ಟೇ ಗಟ್ಟಿಯಾಗಿತ್ತು.

"ಇದನ್ನ ಯಾರು ಕಟ್ಟಿದ್ರು?" ಎಂದು ಅತ್ತೆ ಕೇಳಿದರು.

ಮಾವ ನೊಗವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಸತ್ತ ಎಮ್ಮಿಗಿ ಹತ್ತು ಸೇರು ಹಾಲು ಅಂದಂಗಾಯ್ತು ನಿಮ್ದು. ಹೋದದ್ದೂ ಗಿಡ್ಡೇ ಇತ್ತು. ಹೋರಿ ಇದ್ದಾಗ ನೊಗಾ ಒಂದು ಕಡಿ ವಾಲತದ ಅಂತ ನೀವೇ ಕಟ್ಟೀರಿ. ಆಮ್ಯಾಲ ನಿಮಗೇ ಮರ್ತು ಹೋಯ್ತು." ಅತ್ತೆಯ ದನಿ ಮೆತ್ತಗಾಯಿತು. "ಅದು ಹುಟ್ಟಾ ಬರಾಬರ್ ಇದ್ದಿಲ್ರಿ."

ಮಾವ ಬಗ್ಗಿ ಗೋಣಿಪಟ್ಟಿಯ ಮೇಲೆ ಕೈಯಾಡಿಸಿದರು. ಅದರ ಎಳೆಗಳಲ್ಲಿ ಬಿಳಿ ಕೂದಲು ಇನ್ನೂ ಸಿಕ್ಕಿಕೊಂಡಿದ್ದವು. ಆಗ ಅವರು ಅತ್ತರು. ಎತ್ತನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಅತ್ತೆ ಸಮಾಧಾನ ಮಾಡಲು ಹೋಗದೆ ಪಕ್ಕದಲ್ಲಿ ಕುಳಿತರು. ನನಗೂ ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವ ಎದ್ದು ಮುಖ ತೊಳೆದುಕೊಂಡರು. ಗಂಡ ತಾವಾಗಿಯೇ ನೊಗದ ಇನ್ನೊಂದು ತುದಿ ಹಿಡಿದರು. ಗೋಣಿಪಟ್ಟಿಯ ಕಡೆಗೆ ಹೊಸದನ್ನು ನಿಲ್ಲಿಸಿ, ಮಾವ ಹಳೆಯದನ್ನು "ಬಾರಪ್ಪಾ" ಎಂದು ಕರೆದರು. ಅದು ಹೊಸದರ ಕೊರಳನ್ನು ಒಮ್ಮೆ ಮೂಸಿ ನೋಡಿ, ತಾನಾಗಿಯೇ ನೊಗದ ಕೆಳಗೆ ತಲೆ ಬಾಗಿಸಿತು.