ಅಜ್ಜಿಯನ್ನು ಎಲ್ಲಿ ಬರೆಯಬೇಕು

ಮಗಳನ್ನು ಸ್ಕೂಲು ಬಿಡಿಸಿದಾಗ ಜಗಳೂರಿನ ನಮ್ಮ ಓಣಿಯವರಿಗೆ ತಲೆಗೊಂದು ಕಾರಣ ಹೊಳೆಯಿತು. ಫೇಲಾಗಿದ್ದಾಳೆ ಎಂದರು ಕೆಲವರು. ತಾಯಿಗೆ ಓದಿದ ಜಂಬ, ಮೇಷ್ಟರ ಪಾಠ ಹಿಡಿಸುವುದಿಲ್ಲ ಎಂದರು ಇನ್ನು ಕೆಲವರು. ನಲ್ಲಿಯ ಹತ್ತಿರ ಸಿಕ್ಕ ಒಬ್ಬಾಕೆಯಂತೂ, ಹೆಣ್ಣುಮಗು, ಮನೆಗೆಲಸ ಕಲಿತರೆ ಸಾಕು ಬಿಡಿ ಎಂದು ನನ್ನನ್ನು ಸಮಾಧಾನ ಮಾಡಲು ಬಂದಳು. ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ನಮ್ಮ ಮಗಳು ಮನೆಯಲ್ಲೇ ಓದುತ್ತಾಳೆ, ನಿಮ್ಮ ಮಕ್ಕಳು ಸ್ಕೂಲಿಗೆ ಹೋಗಿ ಏನು ಓದುತ್ತಾರೋ ಅದನ್ನು ವಿಚಾರಿಸಿಕೊಳ್ಳಿ ಎಂದು ಕೊಡ ಎತ್ತಿಕೊಂಡು ಬಂದುಬಿಟ್ಟೆ. ನಿಜವಾದ ಕಾರಣವನ್ನು ಯಾರಿಗೂ ಹೇಳಲಿಲ್ಲ. ಮಗಳಿಗೂ ಹೇಳಿರಲಿಲ್ಲ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅದು ಶುರುವಾಯಿತು. ಸಂಜೆಯಾದರೆ ಹೊಸ್ತಿಲು ಎಡವುವಳು, ಅಂಗಳದಲ್ಲಿ ನಿಲ್ಲಿಸಿದ ಬೈಕಿಗೆ ಹೋಗಿ ಡಿಕ್ಕಿ ಹೊಡೆಯುವಳು. ಮೋಡ ಮುಸುಕಿದ ದಿನ ಬೋರ್ಡಿನ ಮೇಲಿನದು ಕಾಣುವುದಿಲ್ಲ ಎನ್ನುವಳು. ಅಜ್ಜಿ ನೋಡಿದ ಕೂಡಲೇ ಇರುಳುಗುರುಡು ಎಂದರು. ಅದಕ್ಕೆ ಹೊನಗೊನೆ ಸೊಪ್ಪಿಗಿಂತ ಬೇರೆ ಔಷಧಿ ಇಲ್ಲ ಎಂದು ತೀರ್ಮಾನವನ್ನೂ ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಸೊಪ್ಪಿನದೇ ರಾಜ್ಯಭಾರ. ಸಾರಿಗೂ ಅದೇ, ಪಲ್ಯಕ್ಕೂ ಅದೇ, ಕೊನೆಗೆ ರೊಟ್ಟಿ ಹಿಟ್ಟಿಗೂ ಅದನ್ನೇ ಕಲಸುತ್ತಿದ್ದರು. ಬಿ.ಎಸ್‌ಸಿ. ಓದಿದ ನಾನು ಅದರ ಜೊತೆಗೆ ಕ್ಯಾರೆಟ್ ಸೇರಿಸಿದೆ. ಮಗಳು ಎರಡನ್ನೂ ಮೂಗು ಮುರಿಯುತ್ತ ತಿಂದಳು. ಕಣ್ಣು ಮಾತ್ರ ಸುಧಾರಿಸಲಿಲ್ಲ.

ದಾವಣಗೆರೆಯ ಕಣ್ಣಿನ ಡಾಕ್ಟರು ಕಣ್ಣಿಗೆ ಹನಿ ಹಾಕಿ, ಬಹಳ ಹೊತ್ತು ಪರೀಕ್ಷೆ ಮಾಡಿ, ಮಗಳನ್ನು ಹೊರಗೆ ಕೂರಿಸಿ ಬರಲು ಹೇಳಿದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ನಿಮ್ಮದು ಸಂಬಂಧದಲ್ಲಿ ಮದುವೆಯಾ ಎಂದು. ನನ್ನ ಗಂಡ ಯಾರು ಕೇಳಿದರೂ ಹೇಳುವ ಹಾಗೆಯೇ, ಸ್ವಲ್ಪ ಹೆಮ್ಮೆಯಿಂದಲೇ, "ಅಕ್ಕನ ಮಗಳು ಸರ್" ಎಂದರು.

ನಾನು ಅವರನ್ನು ಮಾವ ಎಂದೇ ಕರೆಯುವುದು. ನನ್ನ ಅಮ್ಮನ ಕಿರಿಯ ತಮ್ಮ ಅವರು. ನಾನು ಹುಟ್ಟಿ ಬೆಳೆದದ್ದು ನ್ಯಾಮತಿಯಲ್ಲಿ. ರಜೆಗೆ ಜಗಳೂರಿಗೆ ಬಂದರೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದವರು ಇದೇ ಮಾವ. ಮದುವೆಗೆ ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ನನಗೆ ಅವರು ಇಷ್ಟವಾಗಿದ್ದರು. ನನ್ನ ಅಜ್ಜಿಯೇ ನನಗೆ ಅತ್ತೆಯಾದರು. ಅತ್ತೆ ಸೊಸೆಯ ಜಗಳ ನಮ್ಮಲ್ಲಿ ಆಗಲೇ ಇಲ್ಲ. ಆದದ್ದೆಲ್ಲ ಅಜ್ಜಿ ಮೊಮ್ಮಗಳ ಜಗಳ, ಊಟದ ಹೊತ್ತಿಗೆ ಮುಗಿದುಹೋಗುತ್ತಿತ್ತು. ಇಂಥ ಮನೆಗೆ ಸೊಸೆಯಾಗಿ ಬರುವುದಕ್ಕೆ ಪುಣ್ಯ ಮಾಡಿರಬೇಕು ಎಂದು ಗೆಳತಿಯರು ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಿಮ್ಮಿಬ್ಬರಲ್ಲೂ ಒಂದೇ ದೋಷ ಅಡಗಿದೆ, ಒಬ್ಬರಲ್ಲೇ ಇದ್ದಿದ್ದರೆ ಮಗುವಿಗೆ ಏನೂ ಆಗುತ್ತಿರಲಿಲ್ಲ, ಎರಡೂ ಕೂಡಿ ಮಗುವಿಗೆ ಬಂದಿದೆ ಎಂದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತದೆ. ಸದ್ಯಕ್ಕೆ ಔಷಧಿಯಿಲ್ಲ. ದೃಷ್ಟಿ ಎಷ್ಟು ವರ್ಷ ಉಳಿಯುತ್ತದೆಂದು ಹೇಳಲಾಗದು.

ವಾಪಸು ಬರುವ ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆಹೋದಳು. ಮಾವ ಕಿಟಕಿಯ ಹೊರಗೆ ಮೆಕ್ಕೆಜೋಳದ ಹೊಲಗಳನ್ನೇ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ಬಾಯಿ ಬಿಟ್ಟರು. "ಇರೋ ಕಣ್ಣನ್ನ ಬೋರ್ಡ್ ನೋಡಾಕೆ ಖರ್ಚು ಮಾಡೋದು ಬ್ಯಾಡ. ಕಾಣೋ ತನಕ ಎಲ್ಲಾನೂ ನೋಡ್ಲಿ." ನಾನು ಹೂಂ ಎಂದೆ. ಕಣ್ಣು ಪೂರ್ತಿ ಹೋಗುತ್ತದೆಂಬುದನ್ನು ಅವಳಿಗೂ ಹೇಳಬಾರದು, ಅಜ್ಜಿಗೂ ಹೇಳಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು.

ಹೀಗೆ ನಮ್ಮ ಮನೆಯ ಶಾಲೆ ಶುರುವಾಯಿತು. ಮಾವನದು ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ತಂತಿ ತಂದು ಮೊಳೆಗೆ ಸುತ್ತಿ, ಸೆಲ್ಲಿಗೆ ಜೋಡಿಸಿ, ಅದು ಗುಂಡುಸೂಜಿಗಳನ್ನು ಎಳೆದುಕೊಳ್ಳುವುದನ್ನು ತೋರಿಸುತ್ತಿದ್ದರು. ಅಂಗಡಿಗೆ ರಜೆ ಇದ್ದ ದಿನ ಮೂವರೂ ಬೈಕಿನಲ್ಲಿ ಹೊರಡುತ್ತಿದ್ದೆವು. ಹತ್ತಿರದ ಹಳ್ಳಿ ಸೊಕ್ಕೆಯ ಹೊಲದ ಮಣ್ಣನ್ನು ಬಾಟಲಿಯಲ್ಲಿ ನೀರು ಹಾಕಿ ಕುಲುಕಿಟ್ಟು, ಮರಳು ಯಾವುದು, ಜೇಡಿ ಯಾವುದು ಎಂದು ಪದರ ಪದರವಾಗಿ ನೋಡಿದೆವು. ಹೊನ್ನಾಳಿಯ ಹೊಳೆಯಲ್ಲಿ ಒಣಗಿದ ಎಲೆ ತೇಲಿಬಿಟ್ಟು ದಡದಲ್ಲಿ ಅದರ ಜೊತೆ ಓಡಿ ನೀರಿನ ವೇಗ ಲೆಕ್ಕ ಹಾಕಿದೆವು. ನಾಲ್ಕು ಕೊಂಬಿನ ಕೊಂಡುಕುರಿ ನೋಡಲು ಕಾಡಿನ ಅಂಚಿನಲ್ಲಿ ಎಷ್ಟೋ ಸಲ ಕಾದಿದ್ದೇವೆ. ಅದು ಒಮ್ಮೆಯೂ ಕಾಣಿಸಲಿಲ್ಲ, ಹಿಕ್ಕೆ ಮಾತ್ರ ಸಿಕ್ಕಿತು. ಮಗಳು ಅದನ್ನೇ ಪೊಟ್ಟಣ ಕಟ್ಟಿಕೊಂಡು ಬಂದಳು.

ನನಗೆ ತೋರಿಸುವ ಹಸಿವು ಜಾಸ್ತಿ. ಅದು ನೋಡು, ಇದು ನೋಡು, ಆ ಮಿಂಚುಳ್ಳಿಯ ಬೆನ್ನಿನ ಬಣ್ಣ ನೋಡು ಎಂದು ಅವಳನ್ನು ಒಂದು ಗಳಿಗೆ ಸುಮ್ಮನಿರಲು ಬಿಡುತ್ತಿರಲಿಲ್ಲ. ಮುಂದೆ ಅವಳಿಗೆ ಬೇಕಾಗುವುದನ್ನೆಲ್ಲ ಈಗಲೇ ತುಂಬಿಬಿಡಬೇಕೆಂಬ ಆತುರ. ಒಂದು ದಿನ ಅವಳು ಬಂಡೆಯ ಮೇಲೆ ಕೂತು, "ಅಮ್ಮಾ, ಸ್ವಲ್ಪ ಹೊತ್ತು ಏನೂ ನೋಡ್ದೆ ಇರ್ಲಾ?" ಎಂದು ಕೇಳಿದಳು. ನನಗೆ ಅಳು ಬಂತು, ಬೈದುಬಿಟ್ಟೆ.

ಚನ್ನಗಿರಿ ಕಡೆಯ ಸೂಳೆಕೆರೆಗೆ ಹೋದ ದಿನವನ್ನು ಮಾತ್ರ ನಾನು ನೆನೆಸಿಕೊಳ್ಳಬಾರದು ಅಂದುಕೊಂಡರೂ ನೆನಪಾಗುತ್ತದೆ. ಆಗ ಅವಳಿಗೆ ಹತ್ತು ವರ್ಷ ತುಂಬಿತ್ತು. ಕೆರೆಯ ಏರಿಯ ಮೇಲೆ ಕೂತು ಹಳೇ ಪೇಪರನ್ನು ಸುರುಳಿ ಸುತ್ತಿ ಕೊಳವೆ ಮಾಡಿಕೊಂಡಿದ್ದೆವು, ದೂರದ ಹಕ್ಕಿಗಳ ಮೇಲೆ ಗಮನ ನಿಲ್ಲಲಿ ಎಂದು. ಕೊಳವೆಯಲ್ಲಿ ನೋಡಿದಾಗ ಎಷ್ಟು ಕಾಣುತ್ತದೆ, ಹಾಗೇ ನೋಡಿದಾಗ ಎಷ್ಟು ಕಾಣುತ್ತದೆ, ವ್ಯತ್ಯಾಸ ಹೇಳು ಎಂದೆ. ಅವಳು ಎರಡೂ ಒಂದೇ ಎಂದಳು. ಉದಾಸೀನ ಮಾಡುತ್ತಿದ್ದಾಳೆ ಎಂದು ಗದರಿಸಿ, ಸರಿಯಾಗಿ ನೋಡಿ ಹೇಳು ಎಂದೆ. ಪಾಪ, ಮತ್ತೆ ಕೊಳವೆ ಎತ್ತಿ ನೋಡಿದಳು, ಇಳಿಸಿ ನೋಡಿದಳು. ಆಮೇಲೆ ಬಹಳ ಯೋಚಿಸಿ ಹೇಳಿದಳು: "ಹಿಡ್ಕೊಂಡ್ರೆ ಕೈ ನೋಯ್ತೈತೆ. ಅಷ್ಟೇ ವ್ಯತ್ಯಾಸ."

ಮಾವ ಎದ್ದು ನೀರಿನ ಕಡೆಗೆ ಇಳಿದುಹೋದರು. ಬಹಳ ಹೊತ್ತು ಮುಖ ತೊಳೆದುಕೊಳ್ಳುತ್ತ ನಿಂತಿದ್ದರು. ನಾನು ಬುತ್ತಿ ಬಿಚ್ಚಿ ಅವಳಿಗೆ ಮೊಸರನ್ನ ಕಲಸಿಕೊಟ್ಟೆ.

ಹಿತ್ತಿಲಿನಲ್ಲಿ ನಮ್ಮದೊಂದು ಸಂಜೆಮಲ್ಲಿಗೆಯ ಸಾಲಿತ್ತು. ಕೆಂಪು ಹೂವಿನ ಗಿಡ, ಬಿಳಿ ಹೂವಿನ ಗಿಡ ಎರಡೂ ಇದ್ದವು. ಮೊಗ್ಗು ಬಿಡಿಸಿ ಕೇಸರ ಕಿತ್ತು, ಒಂದರ ಪರಾಗವನ್ನು ಇನ್ನೊಂದಕ್ಕೆ ಕೋಳಿಗರಿಯಿಂದ ಸವರಿ, ಕಾಗದದ ಟೊಪ್ಪಿಗೆ ಹಾಕಿ ಕಟ್ಟುವುದನ್ನು ಮಗಳಿಗೆ ಕಲಿಸಿದ್ದೆ. ಸಂಜೆ ಅರಳುವ ಹೂವು ಅವಳ ಕಣ್ಣಿಗೆ ಸಿಗುತ್ತಿದ್ದದ್ದು ಬೆಳಗ್ಗೆ ಮುದುಡುವ ಮುಂಚೆ. ಬಿಸಿಲು ಬಂದ ಕೂಡಲೇ ಓಡಿಹೋಗಿ ಮುಖ ಒತ್ತಿ ನೋಡುತ್ತಿದ್ದಳು. ಆ ಬೀಜದಿಂದ ಬಂದ ಗಿಡಗಳೆಲ್ಲ ಗುಲಾಬಿ ಬಣ್ಣ ಬಿಟ್ಟವು. ಮುಂದಿನ ಸಲ ಆ ಗುಲಾಬಿ ಬಣ್ಣದ ಗಿಡಗಳ ಬೀಜ ಹಾಕಿದಾಗ ಅಲ್ಲಲ್ಲಿ ಬಿಳಿ ಹೂವು ಬಂತು. ಗುಲಾಬಿ ಬಣ್ಣದ ಗಿಡಕ್ಕೆ ಬಿಳಿ ಮಗು ಹೇಗೆ ಹುಟ್ಟಿತು ಎಂದು ಕೇಳಿದಳು. ಒಳಗೆ ಅಡಗಿತ್ತು, ಎರಡು ಕಡೆಯಿಂದಲೂ ಬಂದು ಸೇರಿದಾಗ ಕಾಣಿಸಿಕೊಂಡಿತು ಎಂದೆ. ಡಾಕ್ಟರ ಮಾತು ನನ್ನ ಬಾಯಿಂದಲೇ ಬಂದಿತ್ತು. ಸಾಕು, ಇವತ್ತಿಗೆ ಪಾಠ ಮುಗಿಯಿತು ಎಂದು ಒಳಗೆ ಹೋದೆ.

ಮುಗಿಯಲಿಲ್ಲ. ಹೊರಗಿನಿಂದ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟುವ ವರ್ಷ ಬಂತು. ವಿಜ್ಞಾನದ ಪುಸ್ತಕದಲ್ಲಿ ಅನುವಂಶೀಯತೆಯ ಅಧ್ಯಾಯವನ್ನು ನಾನು ಮುಂದಕ್ಕೆ ತಳ್ಳುತ್ತ ಹೋದೆ. ಅವಳು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ತಾನೇ ಓದಿದಳು. ಕೊನೆಯಲ್ಲೊಂದು ಚಟುವಟಿಕೆಯಿತ್ತು: ನಿಮ್ಮ ಮನೆತನದ ವಂಶವೃಕ್ಷ ಬರೆಯಿರಿ.

ಒಂದು ಮಧ್ಯಾಹ್ನ ಪಡಸಾಲೆಯ ಬೆಳಕಿಗೆ ಡ್ರಾಯಿಂಗ್ ಶೀಟು ಹಾಸಿಕೊಂಡು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಜ್ಜಿ ಖುಷಿಯಿಂದ ಹೇಳುತ್ತಿದ್ದರು, ಅವಳು ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದಳು. ನಾನು ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದೆ. ಅಪ್ಪನ ಮೇಲೆ ಅಪ್ಪನ ಅಮ್ಮ, ಅಂದರೆ ಅಜ್ಜಿ. ಆಮೇಲೆ ನನ್ನ ಕಡೆಗೆ ಬಂದಳು. ಅಮ್ಮನ ಮೇಲೆ ಅಮ್ಮಮ್ಮ. ಅಮ್ಮಮ್ಮನ ಮೇಲೆ ಅವಳ ಅಮ್ಮ, ಅಂದರೆ ಮತ್ತೆ ಅಜ್ಜಿ. ಅಲ್ಲಿ ಅವಳ ಕೈ ನಿಂತಿತು.

"ಅಮ್ಮಾ, ಅಜ್ಜೀನ ಎಲ್ಲಿ ಬರೀಲಿ? ಎರಡು ಕಡೆ ಬರ್ತಾರಲ್ಲ."

"ಎರಡು ಕಡೇನೂ ಬರಿಯವ್ವ. ನಾನು ಎರಡು ಕಡೇಗೂ ಹಿರಿಯಳು" ಎಂದು ಅಜ್ಜಿ ನಕ್ಕರು.

ಒಬ್ಬರಿಗೆ ಒಂದೇ ವೃತ್ತ ಇರಬೇಕು ಎಂದಳು ಮಗಳು. ಒಂದನ್ನು ವೈಟ್‌ನರ್ ಹಚ್ಚಿ ಅಳಿಸಿ, ಉಳಿದದ್ದರಿಂದ ಎರಡೂ ಕಡೆಗೆ ಗೆರೆ ಎಳೆದಳು. ಕಾಗದಕ್ಕೆ ಮುಖ ತಗುಲಿಸಿ ಬೆರಳಿನಿಂದ ಗೆರೆಯನ್ನು ಸವರುತ್ತ ಹೋದಳು. ತನ್ನಿಂದ ನನಗೆ, ನನ್ನಿಂದ ಅಮ್ಮಮ್ಮನಿಗೆ, ಅಲ್ಲಿಂದ ಅಜ್ಜಿಗೆ, ಅಜ್ಜಿಯಿಂದ ಕೆಳಗಿಳಿದು ಅಪ್ಪನಿಗೆ, ಅಪ್ಪನಿಂದ ತನಗೆ. ಬೆರಳು ಹೊರಟಲ್ಲಿಗೇ ಬಂತು. ಇನ್ನೊಂದು ಸಲ ಸುತ್ತಿಸಿದಳು. ಆಮೇಲೆ, ದೋಷ ಇದ್ದವರನ್ನು ಪುಸ್ತಕದಲ್ಲಿ ತೋರಿಸಿದ ಹಾಗೆ, ಕಪ್ಪು ಪೆನ್ನು ತೆಗೆದು ತನ್ನ ವೃತ್ತವನ್ನು ಪೂರ್ತಿ ತುಂಬಿದಳು.

"ಅಜ್ಜಿದೋ ಅಜ್ಜಂದೋ, ಎರಡು ದಾರಿ ಹಿಡಿದು ನನಗೇ ಬಂದೈತೆ" ಎಂದಳು. ಏನು ಬಂದೈತೆ ಎಂದು ಅಜ್ಜಿ ಕೇಳಿದರು. ಅವಳು ಉತ್ತರ ಹೇಳದೆ ನನ್ನ ಕಡೆಗೆ ತಿರುಗಿ, ಕಣ್ಣು ಪೂರ್ತಿ ಹೋಗುತ್ತದಾ ಎಂದು ಕೇಳಿದಳು. ಕಂಡದ್ದನ್ನೇ ಹೇಳಬೇಕು, ಸುಳ್ಳು ಬರೆಯಬಾರದು ಎಂದು ಅವಳಿಗೆ ವರ್ಷಗಟ್ಟಲೆ ಕಲಿಸಿದವಳು ನಾನು. ಹೌದು ಎಂದೆ.

ಅವಳು ಅಳಲಿಲ್ಲ. ನೀವಿಬ್ಬರೂ ಸಂಬಂಧದ ಹೊರಗೆ ಮದುವೆಯಾಗಿದ್ದರೆ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಆಮೇಲೆ ತಾನೇ ಹೇಳಿದಳು: "ಅಲ್ಲ, ಆವಾಗ ಬೇರೆ ಮಗು ಹುಟ್ಟಿರ್ತಿತ್ತು. ಅದಕ್ಕೆ ಕಣ್ಣು ಚೆನ್ನಾಗಿರ್ತಿತ್ತು." ಆ ಮಗುವಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಬಂದದ್ದು ಅವಳ ದನಿಯಲ್ಲೇ ಗೊತ್ತಾಯಿತು. ನನಗೂ ಆ ಮಗುವಿನ ಮೇಲೆ ಸಿಟ್ಟು ಬಂತು, ಹುಟ್ಟದೇ ಇದ್ದ ಮಗುವಿನ ಮೇಲೆ.

ಅಜ್ಜಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮಾರನೇ ದಿನದಿಂದ ಅವರು ಸೊಪ್ಪು ತರಿಸಲಿಲ್ಲ.

ಅಂದಿನಿಂದ ಮಾವ ಎಂಬ ಮಾತು ಬಾಯಿಗೆ ಬರುವ ಹೊತ್ತಿಗೆ ಆ ಕಾಗದದ ಗೆರೆ ಕಣ್ಣಿಗೆ ಬರುತ್ತಿತ್ತು. ರೀ ಎಂದು ಕರೆದು ನೋಡಿದೆ. ಮೊದಲ ದಿನ ಅವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ನಗಲಿಲ್ಲ. ನಾನು ಕರೆಯುವುದನ್ನೇ ಬಿಟ್ಟೆ. ಹತ್ತಿರ ಹೋಗಿ ನಿಂತು ಹೇಳಬೇಕಾದದ್ದು ಹೇಳಿ ಬರುತ್ತಿದ್ದೆ. ಅವರು ಅಂಗಡಿಯಿಂದ ಬಂದರೆ ಸದ್ದಿಲ್ಲದೆ ಹಿತ್ತಿಲ ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. 

ಮೊನ್ನೆ ಮುಸ್ಸಂಜೆ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಈಗ ಅವಳಿಗೆ ಹಗಲಿನಲ್ಲೇ ಬಳೆಯಷ್ಟು ಅಗಲ ಕಂಡರೆ ಹೆಚ್ಚು. ಅಪ್ಪ ಬಂದಿಲ್ಲವಾ ಎಂದು ಕೇಳಿದಳು. ಬಂದಿದ್ದಾರೆ ಎಂದೆ. ಎಲ್ಲಿ ಎಂದಳು. ಇಲ್ಲೇ ಎಲ್ಲೋ ಇರಬೇಕು ಎಂದು ಒಲೆಯ ಕಡೆಗೆ ತಿರುಗಿದೆ.

"ಮೊದ್ಲು ನೀನು ಮಾವ ಅಂತ ಕೂಗ್ತಿದ್ದೆ, ಅಪ್ಪ ಓ ಅಂತಿದ್ರು. ಎಲ್ಲಿದಾರೆ ಅಂತ ನಂಗೆ ಅದ್ರಿಂದಾನೇ ಗೊತ್ತಾಗ್ತಿತ್ತು. ಈಗ ನೀನು ಕೂಗೋದೇ ಇಲ್ಲ" ಎಂದಳು. ಸ್ವಲ್ಪ ತಡೆದು, "ಕತ್ಲಾದ್ರೆ ಅಪ್ಪ ನಂಗೆ ಸಿಗೋದೇ ಇಲ್ಲಮ್ಮ" ಎಂದಳು.

ಸ್ಟೌವ್ ಆರಿಸಿದೆ. ಮಾವ ಎಂದೆ. ದನಿ ಒಡೆದಿತ್ತು, ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ.

ಹಿತ್ತಿಲಿನಿಂದ ಓ ಎಂದರು. ಮಗಳು ಗೋಡೆ ಸವರಿಕೊಂಡು ಆ ದನಿಯ ಕಡೆಗೆ ಹೊರಟಳು.